ನ್ಯೂಟ್ರಲ್‌ನಲ್ಲಿ ಇಳಿಯುವ ನಗರ

ಬೆಂಗಳೂರಿನ ಭೂಪಟ ಎಲ್ಲಿದೆ ಗೊತ್ತೇ? ಆಟೋ ಓಡಿಸುವವರ ಎಡಗೈಯಲ್ಲಿ! ಮಲ್ಲೇಶ್ವರದಿಂದ ಮೆಜೆಸ್ಟಿಕ್ ಕಡೆಗೆ ಹೊರಟಿದ್ದೆ. ಇದ್ದಕ್ಕಿದ್ದಂತೆ ಇಂಜಿನ್ನಿನ ಸದ್ದು ಅಡಗಿತು, ಆಟೋ ಮಾತ್ರ ಹಾಯಾಗಿ ಸಾಗುತ್ತಲೇ ಇತ್ತು. ಕೆಟ್ಟುಹೋಯಿತೇನೋ ಎಂದು ಮುಂದಕ್ಕೆ ಬಗ್ಗಿದರೆ, "ಡೌನು ಮೇಡಂ, ನ್ಯೂಟ್ರಲ್ ಮಾಡಿದೀನಿ. ಸುಮ್ನೆ ಗ್ಯಾಸ್ ಯಾಕೆ ಸುಡೋದು?" ಎಂದರು. (ಬ್ರೇಕಿನ ಮೇಲೆ ಅವರಿಗಿದ್ದ ಭರವಸೆ ನನಗಿರಲಿಲ್ಲ, ಅದು ಬೇರೆ ಮಾತು.) ಆಮೇಲೆ ಶುರುವಾಯಿತು ನೋಡಿ ಪಾಠ. ಮೇಖ್ರಿ ಸರ್ಕಲ್‌ನಿಂದ ಹೆಬ್ಬಾಳಕ್ಕೆ ಡೌನು. ಬುಲ್ ಟೆಂಪಲ್‌ನಿಂದ ಕೆಂಪಾಂಬುಧಿಗೆ ಡೌನು. "ಎಲ್ಲಿಂದ್ಲಾದ್ರೂ ಬನ್ನಿ, ಮೆಜೆಸ್ಟಿಕ್‌ಗೆ ಮಾತ್ರ ಡೌನೇ." ಅದ್ಯಾಕೆ ಎಂದು ಕೇಳಿದೆ. ತಿರುಗಿ ಕೂಡ ನೋಡದೆ ಹೇಳಿದರು: "ಕೆರೆ ಅಲ್ವಾ ಅದು?"

ಹೌದಲ್ಲ! ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಈ ಸಂಗತಿ ನಾನೂ ಓದಿದ್ದೆ, ನೀವೂ ಓದಿರುತ್ತೀರಿ. ಆದರೆ ಓದುವುದು ಬೇರೆ, ಇಂಜಿನ್ ಇಲ್ಲದ ಆಟೋದಲ್ಲಿ ಕೂತು ಕೆರೆಯೊಳಕ್ಕೆ ಜಾರುವುದು ಬೇರೆ. ಅವತ್ತಿನಿಂದ ನನಗೆ ಊರು ನೆಟ್ಟಗೆ ಕಾಣುತ್ತಲೇ ಇಲ್ಲ, ಎಲ್ಲೆಲ್ಲೂ ಓರೆ! ಸೂಟ್‌ಕೇಸ್ ಎಳೆದುಕೊಂಡು ಪ್ಲಾಟ್‌ಫಾರ್ಮ್ ಹುಡುಕುವವರು, ಇಯರ್‌ಫೋನ್ ಮಾರುವವರು, ರಾತ್ರಿ ಬಸ್ಸಿಗೆ ಕಾಯುತ್ತ ಚೀಲದ ಮೇಲೆ ತಲೆಯಿಟ್ಟು ಮಲಗಿದವರು, ಎಲ್ಲರೂ ಕೆರೆಯ ಹೊಟ್ಟೆಯಲ್ಲಿದ್ದಾರೆ. ಪಕ್ಕದಲ್ಲೇ ಟ್ಯಾಂಕ್ ಬಂಡ್ ರೋಡ್ ಇದೆ. ಟ್ಯಾಂಕೂ ಇಲ್ಲ, ಬಂಡೂ ಇಲ್ಲ, ಬೋರ್ಡು ಮಾತ್ರ ಇದೆ. ಅಣ್ಣಮ್ಮ ದೇವಿ ಮಾತ್ರ ಜಾಗ ಬಿಟ್ಟು ಕದಲಿಲ್ಲ. ಕೆರೆಯ ದಡದಲ್ಲಿ ಕೂತವಳು ಈಗ ಬಸ್ಸುಗಳ ಹಾರ್ನಿನ ನಡುವೆ ಕೂತಿದ್ದಾಳೆ.

ಒಂದು ಕೆರೆ ಸಿಕ್ಕಿದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಕಂಠೀರವ ಕ್ರೀಡಾಂಗಣ, ಸಂಪಂಗಿ ಕೆರೆ! ಕೃಷ್ಣರಾಜ ಮಾರುಕಟ್ಟೆಯ ಸೇವಂತಿಗೆ ರಾಶಿ, ಸಿದ್ದಿಕಟ್ಟೆಯ ಮೇಲೆ! ಫುಟ್‌ಬಾಲ್ ಮೈದಾನ, ಹಾಕಿ ಮೈದಾನ, ಕೋರಮಂಗಲದ ಕ್ರೀಡಾಗ್ರಾಮ, ಕೆದಕಿದಲ್ಲೆಲ್ಲ ಕೆರೆ. ಬೆಂಗಳೂರಿಗೆ ಆಟದ ಹುಚ್ಚು ಇರುವುದಕ್ಕೂ ಕೆರೆಗಳು ಸಪಾಟಾಗಿ ಸಿಕ್ಕಿದ್ದಕ್ಕೂ ಸಂಬಂಧ ಇರಲೇಬೇಕು. ಅದರಲ್ಲೂ ಸಂಪಂಗಿಯ ಕಥೆ ಕೇಳಿದರೆ ರೋಮಾಂಚನ. ಕೆರೆ ಹೋಗಿ ಕ್ರೀಡಾಂಗಣ ಬಂತು, ಆದರೆ ಒಂದು ಮೂಲೆಯಲ್ಲಿ ಪುಟ್ಟ ಕೊಳ ಉಳಿಸಿಕೊಂಡರು. ಯಾಕೆಂದರೆ ಧರ್ಮರಾಯ ಸ್ವಾಮಿ ದೇವಸ್ಥಾನದ ಕರಗ ಉತ್ಸವದಲ್ಲಿ ಹಸಿ ಕರಗಕ್ಕೆ ಸಂಪಂಗಿಯ ದಡವೇ ಆಗಬೇಕು. ಅಥ್ಲೀಟುಗಳು ಓಡುವ ಟ್ರ್ಯಾಕಿನ ಮಗ್ಗುಲಲ್ಲಿ ಚೈತ್ರ ಮಾಸದಲ್ಲಿ ಕರಗದ ರೂಪದ ದ್ರೌಪದಿಯನ್ನು ಕಾಯುವ ತಿಗಳ ಸಮುದಾಯದ ವೀರಕುಮಾರರು ಕತ್ತಿ ಹಿಡಿದು ನಿಲ್ಲುತ್ತಾರೆ!

ಈಗ ಇನ್ನೂ ಸ್ವಲ್ಪ ಮೇಲಕ್ಕೆ ಬನ್ನಿ. ಕೆರೆಗಳು ಇಷ್ಟೊಂದು ಯಾಕೆ ಬೇಕಾದವು? ಬೆಂಗಳೂರಿಗೆ ದೊಡ್ಡ ಹೊಳೆ ಇಲ್ಲ. 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟಿದ್ದು ನದಿಯ ದಂಡೆಯಲ್ಲಲ್ಲ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಸೀಮೆಯಲ್ಲಿ. ಈ ಸೀಮೆ ಥೇಟ್ ನಮ್ಮ ಹಳ್ಳಿಮನೆಯ ಹೆಂಚಿನ ಮಾಡಿನ ಹಾಗೆ. ಉತ್ತರದಿಂದ ದಕ್ಷಿಣಕ್ಕೆ ನೆತ್ತಿಯ ಏಣು ಹಾದುಹೋಗಿದೆ, ಆಚೆಗೂ ಈಚೆಗೂ ಇಳಿಜಾರು. ಪಡುವಣ ಮಗ್ಗುಲಿಗೆ ಬಿದ್ದ ಮಳೆ ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಕೊನೆಗೆ ಸಂಗಮದಲ್ಲಿ ಕಾವೇರಿಗೆ. ಮೂಡಣ ಮಗ್ಗುಲಿಗೆ ಬಿದ್ದದ್ದು ಹೆಬ್ಬಾಳ ಕಣಿವೆ ಹಿಡಿದು, ಇಲ್ಲವೇ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಬೆಳ್ಳಂದೂರು, ವರ್ತೂರುಗಳ ಕಡೆಗೆ ಇಳಿದು ದಕ್ಷಿಣ ಪಿನಾಕಿನಿಗೆ. ಅಂದರೆ ಏಣಿನ ಮೇಲಿನ ಯಾವುದೋ ಮನೆಯ ತಾರಸಿಗೆ ಒಟ್ಟಿಗೆ ಬಿದ್ದ ಎರಡು ಹನಿಗಳಲ್ಲಿ ಒಂದು ಪೂಂಪುಹಾರ್‌ನಲ್ಲಿ ಸಮುದ್ರ ಕಾಣುತ್ತದೆ, ಇನ್ನೊಂದು ಕಡಲೂರಿನ ಬಳಿ. ಆ ತಾರಸಿಯಲ್ಲಿ ಸಂಡಿಗೆ ಒಣಹಾಕಿರುವ ಅಜ್ಜಿಗೆ ತಾನು ಎರಡು ನದಿಗಳ ನಡುವೆ ಕೂತಿದ್ದೇನೆ ಎಂಬ ಸುಳಿವಾದರೂ ಇದೆಯೇ?

ವೃಷಭಾವತಿ ಎಂದರೆ ಮೂಗು ಮುಚ್ಚಿಕೊಳ್ಳುವವರನ್ನು ಮಲ್ಲೇಶ್ವರದ ಕಾಡು ಮಲ್ಲೇಶ್ವರನ ಗುಡಿಯ ಎದುರಿಗೆ ಕರೆದೊಯ್ಯಬೇಕು. ಅಲ್ಲಿ ಗಂಗಮ್ಮನ ಗುಡಿಯ ಬಳಿ ನಂದಿತೀರ್ಥ ಇದೆ. ಎಷ್ಟೋ ಕಾಲ ಮಣ್ಣಿನಡಿ ಹೂತುಹೋಗಿದ್ದುದನ್ನು 1997ರಲ್ಲಿ ಅಗೆದು ತೆಗೆದರು. ಕಲ್ಲಿನ ನಂದಿಯ ಬಾಯಿಂದ ತಿಳಿನೀರು ಸುರಿದು ಕೆಳಗಿನ ಲಿಂಗವನ್ನು ತೋಯಿಸಿ ಕಲ್ಯಾಣಿಗೆ ಇಳಿಯುತ್ತದೆ. ವೃಷಭಾವತಿ ಇಲ್ಲೇ ಹುಟ್ಟುತ್ತಾಳೆ ಎನ್ನುವವರಿದ್ದಾರೆ, ಅಲ್ಲ, ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಎಂದು ಜಗಳಕ್ಕೆ ಬರುವವರೂ ಇದ್ದಾರೆ. ಎರಡೂ ಕಡೆ ಬಸವನೇ ಇರುವುದರಿಂದ ನಾನು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಕೆಂಗೇರಿ ಕಡೆಗೆ ಹೋಗುವ ನೇರಳೆ ಮೆಟ್ರೋದ ಕಿಟಕಿಯಿಂದ ಕೆಳಗೆ ಕಾಣುವ ಆ ಕರಿಯ ಪ್ರವಾಹ ಇದೇ ನೀರಿನ ಮುಂದಿನ ರೂಪ ಎಂಬುದನ್ನು ಮಾತ್ರ ನಂಬಲು ಕಷ್ಟವಾಗುತ್ತದೆ.

ಆದರೆ ಅಚ್ಚರಿಯ ಹೂರಣ ಇರುವುದು ಮಳೆನೀರಿನಲ್ಲಿ ಅಲ್ಲ, ನಲ್ಲಿನೀರಿನಲ್ಲಿ!

ನಮ್ಮ ಬೀದಿಯಲ್ಲಿ ನಸುಕಿಗೇ ಒಬ್ಬ ಹಿರಿಯರು ಸೈಕಲ್ಲಿಗೆ ಉದ್ದನೆಯ ಕಬ್ಬಿಣದ ಕೀ ಕಟ್ಟಿಕೊಂಡು ಬರುತ್ತಾರೆ. ರಸ್ತೆಯ ಮಧ್ಯೆ ಒಂದು ಮುಚ್ಚಳ ಎತ್ತಿ, ಕೀ ಇಳಿಸಿ, ಎರಡು ಕೈಯಲ್ಲಿ ತಿರುವುತ್ತಾರೆ. ನೆಲದಡಿಯಲ್ಲಿ ಗುರ್ರೆಂದು ಸದ್ದು. ಸಾಲುಮನೆಗಳ ಸಂಪುಗಳಲ್ಲಿ ಒಂದರ ಹಿಂದೊಂದು ನೀರು ಬೀಳುತ್ತದೆ. ಒಂದು ದಿನ ಕಾಫಿ ಕೊಟ್ಟು ಮಾತಿಗೆಳೆದೆ. "ನೋಡಮ್ಮಾ, ಕೆಳಗಡೆ ಬೀದಿಗೆ ಮೊದ್ಲು ಬಿಟ್ರೆ ಮೇಲಿನ ಬೀದಿಗೆ ಏರೋದೇ ಇಲ್ಲ. ಇಲ್ಲಿಂದಲ್ಲಿಗೆ ಎಷ್ಟು ಎತ್ತರ ಅಂತ ಇಂಜಿನಿಯರಿಗಿಂತ ನಂಗೆ ಚೆನ್ನಾಗಿ ಗೊತ್ತು." ಮತ್ತೆ ಅದೇ ಡೌನು! ಆಟೋದವರ ಎಡಗೈಯಲ್ಲಿರುವ ಊರೇ ಇವರ ಕೀಲಿಯಲ್ಲೂ ಇದೆ.

ಈ ನೀರು ಎಲ್ಲಿಂದ ಬಂತು? 1894ರಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ, 1933ರಲ್ಲಿ ಅದೇ ನದಿಯ ತಿಪ್ಪಗೊಂಡನಹಳ್ಳಿಯಿಂದ, 1974ರಿಂದ ಕಾವೇರಿಯಿಂದ. ಶಿವನಸಮುದ್ರದ ಹತ್ತಿರ ನದಿಯಿಂದ ತಿರುಗಿಸಿ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿ ಮಾಡಿ, ಅಲ್ಲಿಂದ ಹಾರೋಹಳ್ಳಿ, ತಾತಗುಣಿ ಎಂದು ಹಂತ ಹಂತವಾಗಿ ಪಂಪ್ ಮಾಡುತ್ತ ಸುಮಾರು 100 ಕಿಲೋಮೀಟರ್ ಏರಿಸಿ ತರುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾಯಿತು, ಅದೊಂದರಿಂದಲೇ ದಿನಕ್ಕೆ 77.5 ಕೋಟಿ ಲೀಟರ್! ಹೊಳೆಯಿಲ್ಲದ ಊರಿಗೆ ಹೊಳೆಯೇ ಗುಡ್ಡ ಹತ್ತಿ ಬರುತ್ತಿದೆ. ಜಲಮಂಡಳಿಯ ಖರ್ಚಿನಲ್ಲಿ ಬಲು ದೊಡ್ಡ ಪಾಲು ಕರೆಂಟಿಗೇ ಹೋಗುತ್ತದೆ ಎಂದರೆ ಆಶ್ಚರ್ಯವೇನು?

ಆಶ್ಚರ್ಯ ಇರುವುದು ಇಲ್ಲಿ. ಇದೇ ಶಿವನಸಮುದ್ರದಲ್ಲಿ ಕಾವೇರಿ ಕೆಳಕ್ಕೆ ಧುಮುಕುವುದನ್ನೇ ಹಿಡಿದು 1902ರಲ್ಲಿ ಕರೆಂಟು ತಯಾರಿಸಿದರು. ಅದು ಮೊದಲು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಅವತ್ತು ನದಿ ಇಳಿದು ನಮಗೆ ಕರೆಂಟು ಕೊಟ್ಟಿತು, ಇವತ್ತು ನಾವು ಕರೆಂಟು ಕೊಟ್ಟು ಅದೇ ನದಿಯನ್ನು ಹತ್ತಿಸುತ್ತಿದ್ದೇವೆ. ಹಾಗೆ ಹತ್ತಿ ಬಂದ ನೀರಿನಲ್ಲಿ ನಾನು ಬೆಳಿಗ್ಗೆ ಎದ್ದು ಸ್ಕೂಟರ್ ತೊಳೆಯುತ್ತಿದ್ದೆ. ಈಗ ತೊಳೆಯುವುದಿಲ್ಲ, ಒರೆಸುತ್ತೇನೆ.

ಇನ್ನು ಮಿಂದು ಚೆಲ್ಲಿದ ನೀರು? ಪಶ್ಚಿಮದ ಬಡಾವಣೆಗಳದ್ದು ವೃಷಭಾವತಿಯ ದಾರಿ ಹಿಡಿದು ಮರಳಿ ಕಾವೇರಿಗೇ ಸೇರುತ್ತದೆ, ಎತ್ತಿಕೊಂಡ ಜಾಗಕ್ಕಿಂತ ಕೆಳಗಡೆ, ಎತ್ತಿಕೊಂಡದ್ದಕ್ಕಿಂತ ಕೆಟ್ಟು. ಪೂರ್ವದ ಬಡಾವಣೆಗಳಲ್ಲಿ ಮಾತ್ರ ಅದ್ಭುತ ನಡೆಯುತ್ತದೆ. ಇಂದಿರಾನಗರದ ಮನೆಯಲ್ಲಿ ಪಾತ್ರೆ ತೊಳೆದ ಕಾವೇರಿ ಏಣನ್ನು ದಾಟಿ ದಕ್ಷಿಣ ಪಿನಾಕಿನಿಯ ಕಣಿವೆಗೆ ಇಳಿದುಬಿಡುತ್ತಾಳೆ! ನದಿಜೋಡಣೆ ಎಂದು ದೇಶವಿಡೀ ದಶಕಗಳಿಂದ ವಾದ ಮಾಡುತ್ತಿದೆ. ಇಲ್ಲಿ ನಮ್ಮ ಅಡುಗೆಮನೆಯ ಸಿಂಕುಗಳು ಯಾರನ್ನೂ ಕೇಳದೆ, ಯಾವ ಶಂಕುಸ್ಥಾಪನೆಯೂ ಇಲ್ಲದೆ ಜೋಡಿಸಿ ಕೂತಿವೆ. ಬೆಳ್ಳಂದೂರು ಕೆರೆ ನೊರೆಯುಗುಳಿದ್ದು, ಹೊತ್ತಿ ಉರಿದದ್ದು ಈ ಜೋಡಣೆಯ ಇನ್ನೊಂದು ಮುಖ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿ, ಲ್ಯಾಪ್‌ಟಾಪ್ ಬ್ಯಾಗು ತಬ್ಬಿಕೊಂಡ ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿದ್ದು ನೆನಪಿದೆಯಲ್ಲ? ನೀರು ತನಗೆ ಗೊತ್ತಿದ್ದ ಡೌನಿನಲ್ಲೇ ಹೋಯಿತು. ರಾಜಕಾಲುವೆಯ ಮೇಲೆ ಮನೆ ಕಟ್ಟಿಕೊಂಡವರು ನಾವು.

ಕಥೆ ಅಲ್ಲಿಗೂ ಮುಗಿಯುವುದಿಲ್ಲ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧಿ ಮಾಡಿ, ಪೈಪಿನಲ್ಲಿ ಕೋಲಾರ ಜಿಲ್ಲೆಗೆ ಕಳಿಸುತ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ಅಲ್ಲಿಂದ ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಎಂಬಂತೆ ಹಳೆಯ ಸರಪಳಿಯಲ್ಲೇ ಹರಿಯುತ್ತದೆ. ಸಾವಿರ ಅಡಿ ದಾಟಿ ಕೊರೆದರೂ ಬರೀ ಧೂಳು ಎದ್ದ ಸೀಮೆ ಅದು. ವರ್ಷಗಟ್ಟಲೆ ಜಾಲಿ ಬೆಳೆದಿದ್ದ ಕೆರೆಯಲ್ಲಿ ನೀರು ಕಂಡು ಕುಣಿದವರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಮಾಡದೆ ಈ ನೀರು ಬೇಡ ಎಂದು ಕೋರ್ಟಿನ ಮೆಟ್ಟಿಲು ಹತ್ತಿದವರೂ ಇದ್ದಾರೆ. ಅವರ ಆತಂಕ ನ್ಯಾಯವಾದದ್ದೇ ಎಂದು ನನಗನಿಸುತ್ತದೆ. ನಮ್ಮ ಕೊಳೆಯನ್ನು ಕಳಿಸುವ ನಾವು ಅದನ್ನು ಪೂರಾ ತೊಳೆದು ಕಳಿಸಬೇಕಾದದ್ದು ಕನಿಷ್ಠ ಮರ್ಯಾದೆ. ಕೆರೆಯಿಂದ ನೇರ ಎತ್ತುವಂತಿಲ್ಲ, ಅಂತರ್ಜಲಕ್ಕೆ ಇಂಗಲಿ ಎಂಬುದು ಯೋಜನೆಯ ನಿಯಮ. ಇಂಗಿದ ನೀರು ಬೋರ್‌ವೆಲ್‌ನಲ್ಲಿ ಮೇಲೆ ಬರುತ್ತದೆ, ತೋಟಕ್ಕೆ ಹೋಗುತ್ತದೆ. ಕೋಲಾರದ ತೋಟದಲ್ಲಿ ಏನು ಬೆಳೆಯುತ್ತಾರೆ? ಟೊಮೆಟೊ! ಆ ಟೊಮೆಟೊ ಲಾರಿಯಲ್ಲಿ ಎಲ್ಲಿಗೆ ಬರುತ್ತದೆ?

ಈ ಪ್ರಶ್ನೆ ತಲೆಗೆ ಹೊಳೆದಾಗ ನಾನು ಕೈಗಾಡಿಯ ಮುಂದೆಯೇ ನಿಂತಿದ್ದೆ. "ಎಲ್ಲಿಂದಪ್ಪಾ ಈ ಟೊಮೆಟೊ?" "ಕೋಲಾರದ್ದೇ ಅಕ್ಕಾ, ಗಟ್ಟಿ ಮಾಲು." ತಡೆಯಲಾಗಲಿಲ್ಲ. ಶಿವನಸಮುದ್ರದಿಂದ ಹಿಡಿದು ನನ್ನ ಮನೆಯ ಸಂಪು, ಸಿಂಕು, ಚಲ್ಲಘಟ್ಟ, ಲಕ್ಷ್ಮೀಸಾಗರದವರೆಗೆ ಒಂದೇ ಉಸಿರಿನಲ್ಲಿ ಒದರಿದೆ. ಬೀನ್ಸ್ ಆರಿಸುತ್ತಿದ್ದ ಇನ್ನಿಬ್ಬರು ಹೆಂಗಸರು ಕೈ ನಿಲ್ಲಿಸಿ ನನ್ನನ್ನೇ ನೋಡಿದರು. "ನೋಡು, ಇದರೊಳಗಿರೋ ನೀರು ನಮ್ಮನೆದೇ ಇರಬಹುದು. ರೇಟು ಸ್ವಲ್ಪ ಇಳಿಸು" ಎಂದೆ. ಅವನು ತಕ್ಕಡಿಗೆ ಇನ್ನೊಂದು ಹಣ್ಣು ಹಾಕಿ, ಮುಳ್ಳು ನೋಡಿ, ಅದನ್ನೇ ವಾಪಸ್ ತೆಗೆದ.

"ಆಯ್ತು ಬಿಡಿ ಅಕ್ಕಾ, ನೀರು ನಿಮ್ದೇ. ನೀರಿನ ದುಡ್ಡು ಬೇಡ, ಟೊಮೆಟೊದ್ದು ನಲವತ್ತು ಕೊಡಿ."