ಜುಲೈ ಬಿಕ್ಕಟ್ಟು (1914)

ಜುಲೈ ಬಿಕ್ಕಟ್ಟು ಎಂಬುದು 1914ರ ಜೂನ್ 28ರಂದು ಸರಾಯೆವೊದಲ್ಲಿ ನಡೆದ ಹತ್ಯೆಯಿಂದ ಮೊದಲ್ಗೊಂಡು, ಆಗಸ್ಟ್ ಮೊದಲ ವಾರದಲ್ಲಿ ಮೊದಲನೆಯ ಮಹಾಯುದ್ಧ ಯುರೋಪನ್ನು ಆವರಿಸುವವರೆಗಿನ ರಾಜತಾಂತ್ರಿಕ ಘಟನಾವಳಿಗೆ ಇತಿಹಾಸಕಾರರು ನೀಡಿರುವ ಹೆಸರು. ಒಂದು ರಾಷ್ಟ್ರವು ಯುದ್ಧಕ್ಕಿಳಿದೊಡನೆ ಒಪ್ಪಂದಗಳ ಬಲದಿಂದ ಉಳಿದವೂ ತಾವಾಗಿಯೇ ಯುದ್ಧಕ್ಕೆ ಸೆಳೆಯಲ್ಪಟ್ಟವು ಎಂಬ ವಿವರಣೆ ಪ್ರಚಲಿತವಾಗಿದೆ. ಒಪ್ಪಂದಗಳ ಷರತ್ತುಗಳನ್ನು ಗಮನಿಸಿದರೆ ಇದು ಭಾಗಶಃ ಮಾತ್ರ ನಿಜ.

ಮೈತ್ರಿಕೂಟಗಳು

ಜರ್ಮನಿ ಮತ್ತು ಆಸ್ಟ್ರಿಯಾ-ಹಂಗೆರಿಗಳು 1879ರಲ್ಲಿ ಪರಸ್ಪರ ರಕ್ಷಣೆಯ ಒಪ್ಪಂದ ಮಾಡಿಕೊಂಡವು. 1882ರಲ್ಲಿ ಇಟಲಿಯೂ ಸೇರಿ ತ್ರಿಮೈತ್ರಿ ಕೂಟವಾಯಿತು. ಇದಕ್ಕೆ ಎದುರಾಗಿ 1894ರಲ್ಲಿ ಫ್ರಾನ್ಸ್ ಮತ್ತು ರಷ್ಯಾ ಒಂದಾದವು. ಬ್ರಿಟನ್ 1904ರಲ್ಲಿ ಫ್ರಾನ್ಸಿನೊಡನೆ, 1907ರಲ್ಲಿ ರಷ್ಯಾದೊಡನೆ ಹಳೆಯ ವಸಾಹತು ವಿವಾದಗಳನ್ನು ಬಗೆಹರಿಸಿಕೊಂಡಿತು. ಇದನ್ನೇ ತ್ರಿರಾಷ್ಟ್ರ ಸೌಹಾರ್ದ ಕೂಟ ಎನ್ನುತ್ತಾರೆ. ಆದರೆ ಯುದ್ಧದಲ್ಲಿ ನೆರವಾಗಲೇಬೇಕೆಂಬ ಕಟ್ಟುಪಾಡು ಬ್ರಿಟನ್ನಿಗೆ ಇರಲಿಲ್ಲ. ಸರ್ಬಿಯಾವನ್ನು ರಕ್ಷಿಸಬೇಕೆಂಬ ಒಪ್ಪಂದವೂ ರಷ್ಯಾದ ಮೇಲಿರಲಿಲ್ಲ.

ಹತ್ಯೆ ಮತ್ತು ಅಂತಿಮ ಎಚ್ಚರಿಕೆ

ಆಸ್ಟ್ರಿಯಾ 1908ರಲ್ಲಿ ಬೋಸ್ನಿಯಾವನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡದ್ದು ಸರ್ಬರನ್ನು ಕೆರಳಿಸಿತ್ತು. ಆ ಪ್ರಾಂತ್ಯದ ರಾಜಧಾನಿ ಸರಾಯೆವೊಗೆ ಬಂದಿದ್ದ ಸಿಂಹಾಸನದ ಉತ್ತರಾಧಿಕಾರಿ ಫ್ರಾನ್ಸ್ ಫರ್ಡಿನಾಂಡನ ಮೇಲೆ ಬೆಳಿಗ್ಗೆ ಎಸೆದ ಬಾಂಬು ಗುರಿ ತಪ್ಪಿತು. ಬಳಿಕ ಅವನ ಕಾರು ತಪ್ಪು ದಾರಿಗೆ ತಿರುಗಿ ನಿಂತಾಗ, ಅಲ್ಲಿದ್ದ ಗಾವ್ರಿಲೊ ಪ್ರಿನ್ಸಿಪ್ ಎಂಬ ಹತ್ತೊಂಬತ್ತರ ತರುಣ ಅವನನ್ನೂ ಪತ್ನಿ ಸೋಫಿಯನ್ನೂ ಗುಂಡಿಕ್ಕಿ ಕೊಂದನು.

ಜುಲೈ 5-6ರಂದು ಜರ್ಮನಿ ಆಸ್ಟ್ರಿಯಾಕ್ಕೆ ಬೇಷರತ್ ಬೆಂಬಲದ ಭರವಸೆಯಿತ್ತಿತು. ಇತಿಹಾಸದಲ್ಲಿ ಇದು 'ಖಾಲಿ ಚೆಕ್' ಎಂದೇ ಹೆಸರಾಗಿದೆ. ಜುಲೈ 23ರಂದು ಆಸ್ಟ್ರಿಯಾ 48 ಗಂಟೆಗಳ ಗಡುವಿನ ಅಂತಿಮ ಎಚ್ಚರಿಕೆಯನ್ನು ಕಳುಹಿಸಿತು. ಸರ್ಬಿಯಾ ಬಹುತೇಕ ಬೇಡಿಕೆಗಳಿಗೆ ಮಣಿಯಿತು. ತನ್ನ ನೆಲದಲ್ಲಿ ನಡೆಯುವ ತನಿಖೆಯಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ಪಾಲ್ಗೊಳ್ಳುವುದನ್ನು ಮಾತ್ರ ಒಪ್ಪಲಿಲ್ಲ. ಆಸ್ಟ್ರಿಯಾಕ್ಕೆ ಬೇಕಾಗಿದ್ದುದು ಒಪ್ಪಿಗೆಯಲ್ಲ, ಯುದ್ಧಕ್ಕೆ ನೆಪ. ಜುಲೈ 28ರಂದು ಅದು ಯುದ್ಧ ಘೋಷಿಸಿತು.

ಸೇನಾ ಜಮಾವಣೆ

ಇಲ್ಲಿಂದ ಮುಂದೆ ಮಂತ್ರಿಗಳಿಗಿಂತ ಸೇನಾಧಿಕಾರಿಗಳ ಮಾತೇ ಮೇಲಾಯಿತು. ಬೋಸ್ನಿಯಾದ ವಿಷಯದಲ್ಲಿ ಒಮ್ಮೆ ಹಿಂಜರಿದು ಅವಮಾನ ಅನುಭವಿಸಿದ್ದ ರಷ್ಯಾ ಮತ್ತೊಮ್ಮೆ ಹಿಂಜರಿಯಲು ಸಿದ್ಧವಿರಲಿಲ್ಲ. ಜುಲೈ 30ರಂದು ಅದು ಪೂರ್ಣ ಸೇನಾ ಜಮಾವಣೆಗೆ ಆದೇಶಿಸಿತು. ಜರ್ಮನಿಗೆ ಇದು ಸಹಿಸಲಾಗದ ಸಂಗತಿಯಾಗಿತ್ತು. ವಿಶಾಲವಾದ ರಷ್ಯಾ ನಿಧಾನವಾಗಿ ಸಜ್ಜಾಗುವಷ್ಟರಲ್ಲಿ ಸುಮಾರು ಆರು ವಾರಗಳಲ್ಲಿ ಫ್ರಾನ್ಸನ್ನು ಸೋಲಿಸಬೇಕೆಂಬುದೇ ಅದರ ಯೋಜನೆ. ಪಡೆಗಳನ್ನು ಪಶ್ಚಿಮದ ಬದಲು ಪೂರ್ವಕ್ಕೆ ತಿರುಗಿಸಲಾಗದೇ ಎಂದು ಆಗಸ್ಟ್ 1ರಂದು ಚಕ್ರವರ್ತಿ ಎರಡನೆಯ ವಿಲ್‌ಹೆಲ್ಮ್ ಕೇಳಿದಾಗ, ಅದು ಅಸಾಧ್ಯವೆಂದು ಸೇನಾ ಮುಖ್ಯಸ್ಥ ಮೋಲ್ಟ್ಕೆ ಉತ್ತರಿಸಿದನು. ಲಕ್ಷಾಂತರ ಸೈನಿಕರ ಸಾಗಾಟ ರೈಲುಗಳ ವೇಳಾಪಟ್ಟಿಗೆ ಬಿಗಿಯಾಗಿ ಹೆಣೆದುಕೊಂಡಿತ್ತು.

ಜರ್ಮನಿ ಅದೇ ದಿನ ರಷ್ಯಾದ ಮೇಲೆ, ಆಗಸ್ಟ್ 3ರಂದು ಫ್ರಾನ್ಸಿನ ಮೇಲೆ ಯುದ್ಧ ಘೋಷಿಸಿತು. ಜಗಳ ಆರಂಭಿಸಿದ ಆಸ್ಟ್ರಿಯಾ ರಷ್ಯಾದ ಮೇಲೆ ಯುದ್ಧ ಘೋಷಿಸಿದ್ದು ಮಾತ್ರ ಆಗಸ್ಟ್ 6ರಂದು! ಜರ್ಮನ್ ಸೇನೆ ಆಗಸ್ಟ್ 4ರಂದು ತಟಸ್ಥ ಬೆಲ್ಜಿಯಂ ಅನ್ನು ಹೊಕ್ಕಿತು. ಆ ದೇಶದ ತಾಟಸ್ಥ್ಯಕ್ಕೆ 1839ರ ಲಂಡನ್ ಒಪ್ಪಂದದಲ್ಲಿ ಸಹಿ ಹಾಕಿದ್ದ ಬ್ರಿಟನ್ ಅಂದೇ ಯುದ್ಧ ಸಾರಿತು. ಫ್ರಾನ್ಸ್ ಸೋತರೆ ಜರ್ಮನಿಯೇ ಖಂಡದ ಒಡೆಯನಾದೀತೆಂಬ ಭಯವೂ ಅದಕ್ಕಿತ್ತು. ಆಸ್ಟ್ರಿಯಾವೇ ಆಕ್ರಮಣಕಾರಿಯಾದುದರಿಂದ ರಕ್ಷಣಾ ಒಪ್ಪಂದ ಅನ್ವಯಿಸದೆಂದು ಇಟಲಿ ದೂರ ಉಳಿಯಿತು. 1915ರ ಮೇ ತಿಂಗಳಲ್ಲಿ ಎದುರು ಪಕ್ಷವನ್ನೇ ಸೇರಿತು.

ಯುರೋಪಿನಾಚೆಗೆ

ಬ್ರಿಟನ್ನಿನೊಡನೆ 1902ರಿಂದ ಮೈತ್ರಿ ಹೊಂದಿದ್ದ ಜಪಾನ್ ಆಗಸ್ಟ್ 23ರಂದು ಜರ್ಮನಿಯ ಮೇಲೆ ಯುದ್ಧ ಘೋಷಿಸಿತು. ಜರ್ಮನಿಯೊಡನೆ ರಹಸ್ಯ ಒಪ್ಪಂದ ಮಾಡಿಕೊಂಡಿದ್ದ ಆಟೋಮನ್ ತುರ್ಕಿ ಅಕ್ಟೋಬರ್ ಕೊನೆಯಲ್ಲಿ ಯುದ್ಧಕ್ಕಿಳಿಯಿತು. ಜಲಾಂತರ್ಗಾಮಿ ದಾಳಿಗಳಿಂದ ರೊಚ್ಚಿಗೆದ್ದ ಅಮೆರಿಕ 1917ರ ಏಪ್ರಿಲ್‌ನಲ್ಲಿ ಸೇರಿಕೊಂಡಿತು.

ವಸಾಹತುಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಬ್ರಿಟನ್ನಿನ ಘೋಷಣೆಯೊಂದಿಗೆ ಭಾರತವೂ ಯುದ್ಧನಿರತ ದೇಶವಾಯಿತು. ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಾಗರದಾಚೆ ಸೇವೆ ಸಲ್ಲಿಸಿದರು. ಮೈಸೂರು ಸಂಸ್ಥಾನದ ಅಶ್ವಪಡೆಯೂ ಅವರಲ್ಲಿತ್ತು. 1918ರ ಸೆಪ್ಟೆಂಬರ್ 23ರಂದು ಅದು ಜೋಧಪುರದ ಪಡೆಯೊಡಗೂಡಿ ತುರ್ಕರ ವಶದಲ್ಲಿದ್ದ ಹೈಫಾ ನಗರವನ್ನು ಗೆದ್ದುಕೊಂಡಿತು.