ಸಿಗರೇಟಿನ ಬೆಲೆ: ಯಾರ ಲೆಕ್ಕ?

ಸಿಗರೇಟಿನ ಬೆಲೆ ಎಷ್ಟೆಂದು ಕೇಳಿದರೆ ಗೂಡಂಗಡಿಯವನು ತಲೆ ಎತ್ತದೆಯೇ ಉತ್ತರ ಹೇಳುತ್ತಾನೆ. ಅದೇ ಪ್ರಶ್ನೆಯನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಹಾಕಿದರೆ ಅವನು ‘ಯಾವ ಲೆಕ್ಕದ ಪ್ರಕಾರ?’ ಎಂದು ತಿರುಗಿ ಕೇಳಬೇಕಾಗುತ್ತದೆ. ಇದು ತಮಾಷೆಯ ಮಾತಲ್ಲ. ತೆರಿಗೆ ಏರಿದಾಗಲೆಲ್ಲ ಒಂದು ಪಕ್ಷದವರು ‘ಸೇದುವುದು ಕಡಮೆಯಾಯಿತು’ ಎನ್ನುತ್ತಾರೆ. ಇನ್ನೊಂದು ಪಕ್ಷದವರು ‘ಸೇದುವುದು ಹಾಗೆಯೇ ಇದೆ, ಕಳ್ಳಮಾಲು ಹೆಚ್ಚಿತು’ ಎನ್ನುತ್ತಾರೆ. ಇಬ್ಬರ ಕೈಯಲ್ಲಿಯೂ ಅಂಕಿಗಳಿರುತ್ತವೆ. ಆ ಅಂಕಿಗಳು ಎಲ್ಲಿ ಹುಟ್ಟುತ್ತವೆ, ಯಾವುದು ಯಾವ ಕೆಲಸಕ್ಕೆ ಬರುತ್ತದೆ ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ವಿವರಿಸಲೆತ್ನಿಸಿದ್ದೇನೆ.

ಮಾರಾಟದ ವಿಷಯಕ್ಕೆ ಎಲ್ಲರೂ ಮೊದಲು ಹೋಗುವುದು ತೆರಿಗೆಯ ಲೆಕ್ಕಕ್ಕೆ. ನಮ್ಮ ದೇಶದಲ್ಲಿ ಎಕ್ಸೈಸ್ ಸುಂಕವನ್ನು ಸಿಗರೇಟಿನ ಉದ್ದವನ್ನು ನೋಡಿ, ಸಾವಿರಕ್ಕೆ ಇಷ್ಟು ಎಂದು ಹಾಕುವ ಪದ್ಧತಿ ಬೆಳೆದು ಬಂದಿದೆ. ಆದುದರಿಂದ ಎಷ್ಟು ಸಿಗರೇಟು ಕಾರ್ಖಾನೆಯಿಂದ ಹೊರಬಿದ್ದಿತೆಂಬುದು ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ಆದರೆ ಕಾರ್ಖಾನೆಯ ಬಾಗಿಲು ದಾಟಿದ್ದೆಲ್ಲ ಆ ತಿಂಗಳೇ ಹೊಗೆಯಾಯಿತೆಂದು ತಿಳಿಯಬಾರದು. ಬಜೆಟ್ಟಿನಲ್ಲಿ ಸುಂಕ ಏರುವ ಸುಳಿವು ಸಿಕ್ಕಿದರೆ ಮಾಲು ಮೊದಲೇ ಹೊರಟು ಉಗ್ರಾಣ ಸೇರುತ್ತದೆ. ಮುಂದಿನ ತಿಂಗಳು ಮಾರಾಟ ಕುಸಿದಂತೆ ಕಾಣುತ್ತದೆ. ಇನ್ನು ಸುಂಕ ತಪ್ಪಿಸಿ ಬಂದ ಮಾಲಂತೂ ಈ ಪುಸ್ತಕದಲ್ಲಿ ಇರುವುದೇ ಇಲ್ಲ.

ಬೆಲೆಗೆ ಬೇರೆ ಕಡೆ ನೋಡಬೇಕು. ಗ್ರಾಹಕ ಬೆಲೆ ಸೂಚ್ಯಂಕದ ನೌಕರರು ಗೊತ್ತಾದ ಅಂಗಡಿಗಳಲ್ಲಿ ಗೊತ್ತಾದ ಪದಾರ್ಥದ ಬೆಲೆಯನ್ನೇ ಮತ್ತೆ ಮತ್ತೆ ಬರೆದುಕೊಳ್ಳುತ್ತಾರೆ. ಬೆಲೆ ಏರಿತೆ ಇಳಿಯಿತೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಇಲ್ಲ. ಆದರೆ ಪತ್ರಿಕೆಗಳಲ್ಲಿ ಬರುವುದು ಬಹುಮಟ್ಟಿಗೆ ಗುಂಪಿನ ಅಂಕಿ. 2012ನ್ನು ಆಧಾರ ವರ್ಷವಾಗಿಟ್ಟುಕೊಂಡಿದ್ದ ಸೂಚ್ಯಂಕದಲ್ಲಿ ‘ಪಾನ್, ತಂಬಾಕು ಮತ್ತು ಮಾದಕ ಪದಾರ್ಥ’ ಎಂಬ ಗುಂಪಿಗೆ ನೂರರಲ್ಲಿ 2.38 ತೂಕವಿತ್ತು. ಎಲೆಯಡಿಕೆ, ಬೀಡಿ, ಸಿಗರೇಟು, ಮದ್ಯ ಎಲ್ಲವೂ ಆ ಒಂದೇ ಬುಟ್ಟಿಯಲ್ಲಿ! ಅದನ್ನು ಸಿಗರೇಟಿನ ಬೆಲೆಯೆಂದು ಹೇಳುವವರು ಹೆಂಡದ ಬೆಲೆಯನ್ನೂ ಸೇರಿಸಿಯೇ ಹೇಳುತ್ತಿರುತ್ತಾರೆ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮನೆ ಖರ್ಚಿನ ಲೆಕ್ಕ. ಮನೆಗೆ ಬಂದವರು ಎಷ್ಟು ಸಿಗರೇಟು ಕೊಂಡಿರಿ, ಎಷ್ಟು ಹಣ ಕೊಟ್ಟಿರಿ ಎಂದು ಕೇಳುತ್ತಾರೆ. ಹಣವನ್ನು ಎಣಿಕೆಯಿಂದ ಭಾಗಿಸಿದರೆ ಒಂದು ಸಿಗರೇಟಿಗೆ ಬಿದ್ದ ಹಣ ಬರುತ್ತದೆ. ಅದೇ ಬೆಲೆ ಎನ್ನಬಹುದಲ್ಲವೆ? ಎನ್ನಲಾಗದು. ಉದ್ದ ಸಿಗರೇಟಿಗೆ 18 ರೂಪಾಯಿ, ಗಿಡ್ಡದ್ದಕ್ಕೆ 8 ರೂಪಾಯಿ ಎಂದಿಟ್ಟುಕೊಳ್ಳಿ. ತೆರಿಗೆ ಏರಿ ಅವು 20 ಮತ್ತು 10 ಆದುವು. ಉದ್ದದ್ದನ್ನು ಸೇದುತ್ತಿದ್ದವನು ಗಿಡ್ಡದ್ದಕ್ಕೆ ಇಳಿದ. ಅವನ ಲೆಕ್ಕದಲ್ಲಿ ‘ಬೆಲೆ’ 18ರಿಂದ 10ಕ್ಕೆ ಇಳಿಯಿತು! ಅಂಗಡಿಯಲ್ಲಿ ಇಳಿದದ್ದು ಒಂದೂ ಇಲ್ಲ. 2015ರಲ್ಲಿ ನೊಬೆಲ್ ಬಹುಮಾನ ಪಡೆದ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಈ ತೊಡಕಿಗೆ ಒಂದು ಉಪಾಯ ಹೇಳಿದರು. ಒಂದೇ ಹಳ್ಳಿಯ ಮನೆಗಳಿಗೆ ಅಂಗಡಿಯ ಬೆಲೆ ಒಂದೇ ಆಗಿರುವುದರಿಂದ, ಹಳ್ಳಿಯೊಳಗೆ ಕಾಣುವ ವ್ಯತ್ಯಾಸ ಬಹುಮಟ್ಟಿಗೆ ಮಾಲಿನ ಗುಣದ್ದು. ಅದನ್ನು ಕಳೆದ ಮೇಲೆ ಹಳ್ಳಿಗೂ ಹಳ್ಳಿಗೂ ಉಳಿಯುವ ವ್ಯತ್ಯಾಸ ಬೆಲೆಯದು. ಬಲು ಜಾಣತನದ ಯುಕ್ತಿ.

ಆದರೆ ಯಾವ ಯುಕ್ತಿಯೂ ಇಲ್ಲದ ಲೆಕ್ಕವನ್ನು ಸೃಷ್ಟಿಸಲಾರದು. ಮನೆಯ ಪರವಾಗಿ ಉತ್ತರ ಹೇಳುವವರು ತಾಯಿಯೋ ತಂದೆಯೋ. ಮಗ ಬಸ್ ನಿಲ್ದಾಣದ ಹಿಂದೆ ಸೇದುವುದು ಅವರಿಗೆ ಹೇಗೆ ತಿಳಿಯಬೇಕು? ಅಲ್ಲದೆ ಈ ಸಮೀಕ್ಷೆಯ ವರದಿಗಳು 2011-12ರ ಅನಂತರ 2022-23ಕ್ಕೆ ಹಾರುತ್ತವೆ. ನಡುವೆ ನಡೆದ 2017-18ರ ಸಮೀಕ್ಷೆಯ ಫಲಿತಾಂಶವನ್ನು ಸರ್ಕಾರ ಪ್ರಕಟಿಸಲಿಲ್ಲ. ಜಿ.ಎಸ್.ಟಿ. ಜಾರಿಗೆ ಬಂದದ್ದು 2017ರ ಜುಲೈ 1ರಂದು, ಅಂದರೆ ಆ ಬಯಲಿನ ನಟ್ಟನಡುವೆ. ಹೊಸ ಪದ್ಧತಿಯಲ್ಲಿ ಸಿಗರೇಟಿನ ಮೇಲಿನ ಒಟ್ಟು ತೆರಿಗೆ ಮೊದಲಿಗಿಂತ ಕಡಮೆಯಾಗಿದೆಯೆಂದು ಕಂಡು, ಜಿ.ಎಸ್.ಟಿ. ಮಂಡಳಿ ಜುಲೈ 17ರಂದೇ ಸಾವಿರ ಸಿಗರೇಟಿನ ಸೆಸ್ಸನ್ನು 485ರಿಂದ 792 ರೂಪಾಯಿಗಳವರೆಗೆ ಏರಿಸಬೇಕಾಯಿತು. ಇಂಥ ಬದಲಾವಣೆಗೆ ಮನೆಗಳು ಹೇಗೆ ನಡೆದುಕೊಂಡವೆಂದು ತಿಳಿಯಬೇಕಾದ ವರ್ಷಗಳೇ ನಮ್ಮ ಕೈಯಲ್ಲಿಲ್ಲ.

ಸೇದುವವನನ್ನೇ ನೇರವಾಗಿ ಕೇಳುವುದು ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆ. ಭಾರತದಲ್ಲಿ ಅದು 2009-10ರಲ್ಲಿ ಮತ್ತು 2016-17ರಲ್ಲಿ ನಡೆಯಿತು. ಕಳೆದ ಸಲ ಎಷ್ಟು ಕೊಂಡೆ, ಎಷ್ಟು ಕೊಟ್ಟೆ ಎಂಬ ಪ್ರಶ್ನೆ ಅದರಲ್ಲಿದೆ. ನಮ್ಮಲ್ಲಿ ಇದಕ್ಕೆ ವಿಶೇಷ ಬೆಲೆ ಉಂಟು. ಪ್ಯಾಕಿನ ಮೇಲೆ ಅಚ್ಚಾದದ್ದು ಪ್ಯಾಕಿನ ಬೆಲೆ. ಬಿಡಿಯಾಗಿ ಕೊಳ್ಳುವವನು ಚಿಲ್ಲರೆಯ ನೆಪದಲ್ಲಿ ಅದಕ್ಕಿಂತ ಹೆಚ್ಚು ಕೊಡುತ್ತಾನೆ. ಕರ್ನಾಟಕದಲ್ಲಿ ಬಿಡಿ ಸಿಗರೇಟಿನ ಮಾರಾಟವನ್ನು 2017ರಲ್ಲಿ ನಿಷೇಧಿಸಲಾಯಿತು. ಗೂಡಂಗಡಿಯ ಮುಂದೆ ಐದು ನಿಮಿಷ ನಿಂತವರಿಗೆ ಆ ನಿಷೇಧದ ಗತಿ ಗೊತ್ತು.

ಇಷ್ಟು ತಿಳಿದ ಮೇಲೆ ಕಳ್ಳಮಾಲಿನ ವಾದವನ್ನು ಪರೀಕ್ಷಿಸಬಹುದು. ಜನ ಸೇದಿದೆವೆಂದು ಹೇಳಿದ್ದರಲ್ಲಿ ತೆರಿಗೆ ಕೊಟ್ಟ ಮಾಲನ್ನು ಕಳೆದರೆ ಉಳಿದದ್ದು ಕಳ್ಳಮಾಲು ಎಂಬುದು ಸರಳ ಗಣಿತ. ಆದರೆ ಜನ ತಾವು ಸೇದುವುದನ್ನು ಕಡಮೆ ಮಾಡಿಯೇ ಹೇಳುತ್ತಾರೆ. ಆಗ ಕಳ್ಳಮಾಲು ಇದ್ದರೂ ಕಾಣುವುದಿಲ್ಲ. ಒಂದೇ ವರ್ಷದ ಕಳೆಯುವ ಲೆಕ್ಕಕ್ಕಿಂತ, ಎರಡೂ ಲೆಕ್ಕಗಳು ವರ್ಷದಿಂದ ವರ್ಷಕ್ಕೆ ಹತ್ತಿರವಾಗುತ್ತಿವೆಯೋ ದೂರವಾಗುತ್ತಿವೆಯೋ ಎಂದು ನೋಡುವುದೇ ಹೆಚ್ಚು ಭದ್ರವಾದ ದಾರಿಯೆಂದು ನನ್ನ ಅಭಿಪ್ರಾಯ.

ಸಿಗರೇಟು ಬಿಟ್ಟವನು ಬೀಡಿಗೆ ಇಳಿದಿದ್ದರೆ? ಮೇಲೆ ಹೇಳಿದ 2016-17ರ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಸಿಗರೇಟು ಸೇದುವವರು ನೂರಕ್ಕೆ 4.0, ಬೀಡಿ ಸೇದುವವರು 7.7. ದೊಡ್ಡ ಲೆಕ್ಕ ಬೀಡಿಯದೇ, ಆದರೆ ಸಡಿಲವಾದ ಲೆಕ್ಕವೂ ಅದೇ. ಜಿ.ಎಸ್.ಟಿ.ಗೆ ಮುಂಚೆ, ವರ್ಷಕ್ಕೆ 20 ಲಕ್ಷದೊಳಗೆ ಕೈಬೀಡಿ ಮಾಡುತ್ತಿದ್ದ, ಹೆಸರಿನ ಮುದ್ರೆಯಿಲ್ಲದ ಸಣ್ಣ ತಯಾರಕರಿಗೆ ಎಕ್ಸೈಸ್ ಸುಂಕದ ವಿನಾಯಿತಿಯಿತ್ತು. ಆದುದರಿಂದ ಆ ಬೀಡಿಗಳು ಸುಂಕದ ಲೆಕ್ಕಕ್ಕೆ ಬರಲಿಲ್ಲ. ನಮ್ಮ ಮನೆಯಲ್ಲಿ ಅಮ್ಮ ಬೀಡಿ ಸುತ್ತುತ್ತಾರೆ. ಎಷ್ಟು ಸಾವಿರ ಕೊಟ್ಟರು, ಎಷ್ಟನ್ನು ಕೆಟ್ಟ ಬೀಡಿಯೆಂದು ತೆಗೆದುಹಾಕಿದರು ಎಂಬುದು ಪಾಸ್‌ಬುಕ್ಕಿನಲ್ಲಿ ವಾರವಾರವೂ ಬರೆದಿರುತ್ತದೆ. ದಕ್ಷಿಣ ಕನ್ನಡದ ಮನೆಮನೆಯ ಗೂಡುಗಳಲ್ಲಿ ಅಂಥ ಪುಸ್ತಕಗಳಿವೆ. ತಯಾರಾದ ಬೀಡಿಯ ಎಣಿಕೆ ಅಷ್ಟು ನೇರವಾಗಿ ಇನ್ನೆಲ್ಲಿಯೂ ಬರೆದಿಲ್ಲ. ಮಾದರಿಗೆಂದು ನೂರು ಮನೆಯ ಪಾಸ್‌ಬುಕ್ಕುಗಳನ್ನು ಕೂಡಿಸಿ ನೋಡುವ ಕೆಲಸವನ್ನು ನಮ್ಮ ಅರ್ಥಶಾಸ್ತ್ರ ಸಂಘದವರು ಒಂದು ಬೇಸಗೆ ರಜೆಯಲ್ಲಿ ಮಾಡಬಹುದು.