ಅಟ್ಟದ ಮೇಲಿನ ಕಂಪ್ಯೂಟರ್: ಕಡತ ಕೆಟ್ಟಿಲ್ಲ, ಓದುವ ದಾರಿ ತಪ್ಪಿದೆ

ಬೆಂಗಳೂರಿನ ಉತ್ತರಹಳ್ಳಿ, ವಸಂತಪುರ, ಬನಶಂಕರಿಯ ಕಡೆ ಮನೆ ಬದಲಾಯಿಸುವಾಗ ಅಟ್ಟದಿಂದ ಇಳಿದ ಹಳೇ ಕಂಪ್ಯೂಟರ್ ಸೀದಾ ಗುಜರಿಗೆ ಹೋಗುತ್ತದೆ. ಅಪ್ಪ ಬರೆದಿಟ್ಟ ಕಥೆಗಳು, ಡಿಟಿಪಿ ಮಾಡಿಸಿದ ಪುಸ್ತಕದ ಕರಡು, ಸಂಘದ ಸ್ಮರಣ ಸಂಚಿಕೆ ಎಲ್ಲವೂ ಅದರ ಜೊತೆಗೇ ಹೊರಟುಹೋಗುತ್ತವೆ. ಇದಕ್ಕೆ ಕಾರಣ ಕೆಲವು ತಪ್ಪು ನಂಬಿಕೆಗಳು.

“ಆನ್ ಆಗ್ತಿಲ್ಲ, ಇನ್ನೇನೂ ಸಿಗಲ್ಲ.” ಕಡತಗಳಿರುವುದು ಹಾರ್ಡ್ ಡಿಸ್ಕಿನಲ್ಲಿ. ಪವರ್ ಸಪ್ಲೈ ಸುಟ್ಟರೂ ಮದರ್‌ಬೋರ್ಡ್ ಕೆಟ್ಟರೂ ಡಿಸ್ಕ್ ಚೆನ್ನಾಗಿಯೇ ಇರಬಹುದು. ನಾಣ್ಯದಾಕಾರದ ಬ್ಯಾಟರಿ ಸತ್ತಿದ್ದರೆ ತಾರೀಖು ಮತ್ತು ಕೆಲವು ಸೆಟ್ಟಿಂಗ್ ಹೋಗುತ್ತವೆ, ಅಷ್ಟೆ. ವರ್ಷಗಟ್ಟಲೆ ಧೂಳು ತಿಂದ ಯಂತ್ರಕ್ಕೆ ಒಮ್ಮೆಲೇ ಕರೆಂಟು ಕೊಡದೆ ಮೊದಲು ಡಿಸ್ಕ್ ಬಿಚ್ಚಿಕೊಳ್ಳಿ. ಅಂಥ ಹಳೇ ಕಂಪ್ಯೂಟರಿನಲ್ಲಿರುವುದು ಸಾಮಾನ್ಯವಾಗಿ 40 ಪಿನ್ನಿನ ಐಡಿಇ ಡಿಸ್ಕ್. ಅದಕ್ಕೆ ಹೊಂದುವ ಯುಎಸ್‌ಬಿ ಕನ್ವರ್ಟರನ್ನು ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಕೇಳಿ ನೋಡಿ. ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಚೆನ್ನಾಗಿರುವ ಭಾಗವನ್ನು ಮೊದಲು ಓದಿ, ಹಾಳಾದ ಭಾಗವನ್ನು ಕೊನೆಗೆ ಮುಟ್ಟುತ್ತದೆ. ಇಡೀ ಡಿಸ್ಕಿನ ಪ್ರತಿ ತೆಗೆದು, ಹುಡುಕಾಟವನ್ನೆಲ್ಲ ಆ ಪ್ರತಿಯ ಮೇಲೇ ನಡೆಸಿ.

“ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಓದುತ್ತದೆ.” ದಯವಿಟ್ಟು ಬೇಡ. ಒಳಗೆ ಹನಿಗಟ್ಟಿದ ತೇವ ಡಿಸ್ಕನ್ನು ಪೂರ್ತಿ ಕೊಲ್ಲಬಹುದು.

“ಕಡತ ತೆರೆದರೆ ಬರೀ ಕಸ, ಹಾಳಾಗಿದೆ.” ಕನ್ನಡಿಗರಿಗೆ ಅತಿ ಹೆಚ್ಚು ನಷ್ಟ ಮಾಡಿರುವ ನಂಬಿಕೆ ಇದೇ ಎಂದು ನನಗೆ ಅನಿಸುತ್ತದೆ. ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ ಬಹುಪಾಲು ಅದು ಕಸವಲ್ಲ, ಕನ್ನಡವೇ. ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಆದರೆ ಮನೆಯ ಕಂಪ್ಯೂಟರುಗಳಿಗೆ ಅದು ಬರಲು ಬಹಳ ಕಾಲ ಹಿಡಿಯಿತು. ಅಲ್ಲಿಯತನಕ 1998ರಲ್ಲಿ ಶೇಷಾದ್ರಿ ವಾಸು ಹೊರತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಡಿಟಿಪಿಯವರ ಶ್ರೀಲಿಪಿ ಮುಂತಾದವು ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಕೂಡಿಸಿ ತೋರಿಸುತ್ತಿದ್ದವು. ಕಡತ ಬರೆದ ಫಾಂಟನ್ನೇ ಹಾಕಿದ ಕೂಡಲೇ ಕನ್ನಡ ಮೂಡುತ್ತದೆ.

“ಹಾಗಾದರೆ ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಕ್ಕೆ ಹಾಕಿದರೆ ಕೆಲಸ ಮುಗಿಯಿತು.” ಅದೂ ಅಲ್ಲ. ನುಡಿ, ಬರಹದ ಪಠ್ಯಕ್ಕೆಂದು ಮಾಡಿದ ಪರಿವರ್ತಕ ಶ್ರೀಲಿಪಿಯನ್ನು ಓದಲಾರದು; ಮೂಲ ಫಾಂಟಿನ ಹೆಸರು ಗೊತ್ತಿರಲೇಬೇಕು. ಅರ್ಕಾವೊತ್ತಿನ ಕಡೆ ವಿಶೇಷ ಗಮನ ಬೇಕು. ‘ಸೂರ್ಯ’ ಎಂಬಲ್ಲಿ ಹಳೆಯ ಫಾಂಟುಗಳು ‘ಯ’ ಆದ ಮೇಲೆ ಅರ್ಕಾವೊತ್ತನ್ನು ಇಡುತ್ತವೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಇಲ್ಲಿ ತಪ್ಪಿದರೆ ಊರು, ವ್ಯಕ್ತಿಗಳ ಹೆಸರುಗಳೇ ಕೆಡುತ್ತವೆ. ನಡುನಡುವೆ ಇರುವ ಇಂಗ್ಲಿಷ್ ಪದಗಳನ್ನೂ ಅದು ಕನ್ನಡವೆಂದುಕೊಂಡು ಅರ್ಥವಿಲ್ಲದ ಅಕ್ಷರ ಮಾಡಿಬಿಡಬಹುದು. ಕೂತು ಒಂದೊಂದೇ ಸಾಲು ಓದಿ ತಿದ್ದುವುದಕ್ಕೆ ಬದಲಿಯಿಲ್ಲ.

“ಫಾರ್ಮ್ಯಾಟ್ ಆಯಿತು, ಎಲ್ಲ ಅಳಿಸಿಹೋಯಿತು.” ಹಳೆಯ ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಕಡತಗಳ ಪಟ್ಟಿಯನ್ನಷ್ಟೇ ಹೊಸದಾಗಿ ಬರೆಯುತ್ತದೆ. ಅದರ ಮೇಲೆ ಬೇರೇನೂ ತುಂಬದಿದ್ದರೆ ಬಹಳಷ್ಟು ಮರಳಿ ಸಿಗುತ್ತದೆ.

ಪರಿವರ್ತಿಸಿದ ಮೇಲೂ ಮೂಲ ಕಡತವನ್ನೂ ಅದರ ಫಾಂಟನ್ನೂ ಒಂದೇ ಫೋಲ್ಡರಿನಲ್ಲಿಟ್ಟು ಎರಡು ಕಡೆ ಉಳಿಸಿಕೊಳ್ಳಿ. ಡಿಸ್ಕ್ ತೆಗೆದು ನೋಡದೆ ಯಾವ ಕಂಪ್ಯೂಟರನ್ನೂ ಗುಜರಿಯವರಿಗೆ ಕೊಡಬೇಡಿ.